ಟ್ಯಾಂಕ್ ಖಾಲಿ ಇತ್ತು, ಟೈರ್ ಕಾದಿರಲಿಲ್ಲ

ಫಾರ್ಮುಲಾ ಒನ್ ತಜ್ಞರಾಗಲು ಕಾರು ಓಡಿಸಲು ಬರಬೇಕೆಂದೇನಿಲ್ಲ. ಎರಡು ವಾಕ್ಯ ಬಾಯಿಪಾಠವಾದರೆ ಸಾಕು. ಒಂದು, "ಅವನ ಟ್ಯಾಂಕ್ ಖಾಲಿ ಇತ್ತು." ಇನ್ನೊಂದು, "ಇವನ ಟೈರ್ ಕಾದಿರಲಿಲ್ಲ." ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕೆಂದು ತೀರ್ಮಾನಿಸುವ ಶನಿವಾರದ ಕ್ವಾಲಿಫೈಯಿಂಗ್‌ನಲ್ಲಿ ಮುಂದೆ ಬಂದವನ ಬಗ್ಗೆ ಮೊದಲನೆಯದನ್ನೂ, ಹಿಂದೆ ಬಿದ್ದವನ ಬಗ್ಗೆ ಎರಡನೆಯದನ್ನೂ ಹೇಳಬೇಕು. ಅಕಸ್ಮಾತ್ ಅದಲುಬದಲಾದರೂ ಯಾರೂ ಕೇಳುವುದಿಲ್ಲ. "ಡ್ರೈವರ್ ಚೆನ್ನಾಗಿ ಓಡಿಸಿದ" ಎಂಬ ಮೂರನೆಯ ವಾಕ್ಯವೂ ಚಾಲ್ತಿಯಲ್ಲಿದೆ. ಅದನ್ನು ಟಿವಿ ಮುಂದೆ ಹೊಸದಾಗಿ ಬಂದು ಕೂತವರು ಹೇಳುತ್ತಾರೆ. ಅಂಥವರನ್ನು ಕಂಡಾಗ ತಜ್ಞರು ಮುಗುಳ್ನಗಬೇಕೇ ಹೊರತು ವಾದಕ್ಕಿಳಿಯಬಾರದು.

ಇದೇನು ಬಾಯಿಗೆ ಬಂದ ಮಾತಲ್ಲ, ಹಿಂದೆ ಶಾಸ್ತ್ರವಿದೆ. ಟ್ಯಾಂಕ್‌ನಲ್ಲಿ 10 ಕೆಜಿ ಇಂಧನ ಹೆಚ್ಚಿದ್ದರೆ ಒಂದು ಲ್ಯಾಪ್‌ಗೆ ಸುಮಾರು 0.3 ಸೆಕೆಂಡ್ ನಷ್ಟ. ಟ್ರ್ಯಾಕ್ ಉದ್ದವಿದ್ದರೆ ಇನ್ನೂ ಸ್ವಲ್ಪ. 2019ರಿಂದ ಒಂದು ರೇಸ್‌ಗೆ ಸುಡಬಹುದಾದ ಇಂಧನದ ಮಿತಿ 110 ಕೆಜಿ ಆಗಿತ್ತು. ಅಷ್ಟನ್ನೂ ಹೊತ್ತು ಭಾನುವಾರ ಹೊರಡುವ ಕಾರು, ಶನಿವಾರದ ಅದೇ ಕಾರಿಗಿಂತ ಲ್ಯಾಪ್‌ಗೆ ಮೂರು ಸೆಕೆಂಡ್ ನಿಧಾನ. ಕ್ವಾಲಿಫೈಯಿಂಗ್‌ನಲ್ಲಿ ಮೊದಲನೆಯವನಿಗೂ ಹತ್ತನೆಯವನಿಗೂ ಎಷ್ಟೋ ಸಲ ಒಂದು ಸೆಕೆಂಡಿನ ಅಂತರವೂ ಇರುವುದಿಲ್ಲ. ಅಂದರೆ ಯಾರು ಮಹಾಪ್ರತಿಭೆ, ಯಾರು ಹತ್ತರಲ್ಲಿ ಹನ್ನೊಂದನೆಯವನು ಎಂಬ ಪ್ರಶ್ನೆ ಸುಮಾರು 40 ಲೀಟರ್ ಪೆಟ್ರೋಲಿನಲ್ಲಿ ತೀರ್ಮಾನವಾಗುತ್ತದೆ.

ಕೆಜಿಗೆ 0.03 ಸೆಕೆಂಡ್ ಎಂದಮೇಲೆ ಡ್ರೈವರ್ ತಿಂದ ತಿಂಡಿಯೂ ಲೆಕ್ಕಕ್ಕೆ ಬಂತು. 2018ರವರೆಗೆ ಕಾರನ್ನೂ ಡ್ರೈವರನ್ನೂ ಒಟ್ಟಿಗೇ ತೂಗಿ ಕನಿಷ್ಠ ತೂಕ ನೋಡುತ್ತಿದ್ದರು. ಹೀಗಾಗಿ ಎತ್ತರದ ಡ್ರೈವರ್‌ಗಳು ವರ್ಷಪೂರ್ತಿ ಏಕಾದಶಿ ಆಚರಿಸುತ್ತಿದ್ದರು. 2019ರಲ್ಲಿ ಡ್ರೈವರ್ ಮತ್ತು ಸೀಟು ಸೇರಿ ಕನಿಷ್ಠ 80 ಕೆಜಿ ಇರಬೇಕೆಂದು ನಿಯಮ ಮಾಡಿ, ಸಣಕಲರ ಸೀಟಿನ ಬಳಿ ಭಾರ ಇಡಿಸಿದರು. ತಜ್ಞರಿಗೆ ಇಂಥ ಕಟ್ಟಳೆ ಯಾವ ಕಾಲದಲ್ಲೂ ಇರಲಿಲ್ಲ. ವಿಶ್ಲೇಷಣೆಯ ಗುಣಮಟ್ಟಕ್ಕೂ ಹೊಟ್ಟೆಯ ಸುತ್ತಳತೆಗೂ ಸಂಬಂಧವಿಲ್ಲ ಎಂಬುದು ನಮ್ಮ ವೃತ್ತಿಯಲ್ಲಿ ಸರ್ವಸಮ್ಮತ.

ತಜ್ಞರ ಸುವರ್ಣಯುಗ 2003ರಿಂದ 2009. ಆ ವರ್ಷಗಳಲ್ಲಿ, ರೇಸ್ ಶುರು ಮಾಡುವಾಗ ಎಷ್ಟು ಇಂಧನ ಬೇಕೋ ಅಷ್ಟನ್ನೂ ಹೊತ್ತುಕೊಂಡೇ ಪೋಲ್‌ಗಾಗಿ, ಅಂದರೆ ಗ್ರಿಡ್‌ನ ಮೊದಲ ಸ್ಥಾನಕ್ಕಾಗಿ, ಓಡಬೇಕಿತ್ತು. ಯಾರ ಟ್ಯಾಂಕ್‌ನಲ್ಲಿ ಎಷ್ಟಿದೆ ಎಂಬುದು ಆಯಾ ತಂಡಕ್ಕೆ ಮಾತ್ರ ಗೊತ್ತು. ಹಾಗಾಗಿ ಶನಿವಾರದ ಪಟ್ಟಿ ನೋಡಿ ಯಾರು ವೇಗಿ ಎಂದು ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ತಜ್ಞನಿಗೆ ಇದಕ್ಕಿಂತ ಆರೋಗ್ಯಕರ ವಾತಾವರಣ ಬೇಕೆ? ಭಾನುವಾರದ ಮೊದಲ ಪಿಟ್ ಸ್ಟಾಪ್‌ನಲ್ಲಿ ನಿಜ ಹೊರಬೀಳುತ್ತಿತ್ತು, ಸರಿ. ಅಷ್ಟು ಹೊತ್ತಿಗೆ ಶನಿವಾರ ನಾವು ಹೇಳಿದ್ದು ಯಾರಿಗೆ ನೆನಪಿರುತ್ತದೆ?

ಈ ಯುಗದ ಶಿಖರ 2006. ಆ ವರ್ಷ ಮೂರು ಹಂತಗಳ ನಾಕೌಟ್ ಬಂತು. ಕೊನೆಯ ಹಂತ ತಲುಪಿದ ಹತ್ತು ಕಾರುಗಳು ರೇಸ್‌ನ ಇಂಧನ ತುಂಬಿಕೊಂಡೇ ಟ್ರ್ಯಾಕಿಗಿಳಿಯಬೇಕು. ಆದರೆ ಆ ಹಂತದಲ್ಲಿ ಓಡಿದ ಲ್ಯಾಪ್‌ಗಳನ್ನು ಎಣಿಸಿ, ಲ್ಯಾಪ್‌ಗೆ ಇಷ್ಟು ಎಂದು ಲೆಕ್ಕ ಹಾಕಿ, ಅಷ್ಟು ಇಂಧನವನ್ನು ಆಮೇಲೆ ಮತ್ತೆ ತುಂಬಿಸಿಕೊಳ್ಳಲು ಈ ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎ ಒಪ್ಪಿಗೆ ಕೊಟ್ಟಿತ್ತು. ಲ್ಯಾಪ್ ತೀರಾ ಆಮೆನಡಿಗೆ ಆಗಬಾರದು, ತನ್ನ ಅತ್ಯುತ್ತಮ ಸಮಯದ ಶೇ. 110ರೊಳಗಿರಬೇಕು, ಅಷ್ಟೆ. ಇದರ ಪರಿಣಾಮ ಹೀಗಾಯಿತು: ಹಸಿರು ದೀಪ ಬೀಳುವ ಮೊದಲೇ ಹತ್ತು ಕಾರುಗಳು ಪಿಟ್ ಲೇನ್ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ದೀಪ ಬಿದ್ದೊಡನೆ ಹೊರಟು, ಯಾರನ್ನೂ ಸೋಲಿಸುವ ಉದ್ದೇಶವಿಲ್ಲದೆ, ಪೆಟ್ರೋಲ್ ಸುಡುವುದಕ್ಕೆಂದೇ ಸುತ್ತು ಹಾಕುತ್ತಿದ್ದವು. ಚೆನ್ನಾಗಿ ಸುಟ್ಟು ಹಗುರಾದ ಮೇಲೆ ಹೊಸ ಟೈರ್ ಹಾಕಿಕೊಂಡು ಕೊನೆಯಲ್ಲಿ ನಿಜವಾದ ಲ್ಯಾಪ್ ಓಡುತ್ತಿದ್ದವು. ಮಾರ್ಚ್ ಕೊನೆಯ ವಾರ ಅನುದಾನ ಖಾಲಿ ಮಾಡುವ ನಮ್ಮ ಇಲಾಖೆಗಳನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಹಾಗೆ ಖಾಲಿ ಮಾಡಿದ್ದನ್ನು ಆಮೇಲೆ ಅಳೆದು ವಾಪಸ್ ಕೊಡುವ ಮಟ್ಟಕ್ಕೆ ನಮ್ಮ ಖಜಾನೆ ಇನ್ನೂ ಬೆಳೆದಿಲ್ಲ.

ಈ ಪದ್ಧತಿ 2007ರಲ್ಲೂ ಮುಂದುವರಿಯಿತು. ಅದೇ 2007ರಲ್ಲಿ ಹೋಂಡಾ ತಂಡ ಪರಿಸರ ಜಾಗೃತಿಗಾಗಿ ಕಾರಿನ ಮೇಲೆ ಜಾಹೀರಾತುಗಳ ಬದಲು ಭೂಮಿಯ ಚಿತ್ರ ಬಳಿಸಿತ್ತು. ಆ ಕಾರು ಅಷ್ಟೇನೂ ವೇಗದ್ದಲ್ಲವಾದ್ದರಿಂದ ಪೆಟ್ರೋಲ್ ಸುಡುವ ಕೊನೆಯ ಹಂತ ತಲುಪಿದ್ದು ಅಪರೂಪ. ಆ ಮಟ್ಟಿಗೆ ಹೋಂಡಾದ ಪರಿಸರ ಕಾಳಜಿ ನಿಜವಾದದ್ದೇ. 2008ರಲ್ಲಿ ಈ ಮರುಪಾವತಿಯನ್ನು ನಿಲ್ಲಿಸಿದರು. ಅದರ ಸೊಗಸು ಅಧಿಕಾರಿಗಳಿಗೆ ಅರ್ಥವಾಗಲಿಲ್ಲ.

ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು 2009ರಲ್ಲಿ. ಕ್ವಾಲಿಫೈಯಿಂಗ್ ಮುಗಿದ ಮೇಲೆ ಪ್ರತಿ ಕಾರಿನ ತೂಕವನ್ನು ಪ್ರಕಟಿಸುವುದಾಗಿ ಎಫ್‌ಐಎ ಘೋಷಿಸಿತು. ತಜ್ಞರ ಅನ್ನಕ್ಕೆ ಕೈಹಾಕಿದ ಕ್ರಮ ಅದು. ಅದೃಷ್ಟಕ್ಕೆ ಋತು ಶುರುವಾಗುವ ಮುಂಚಿನ ಟೆಸ್ಟಿಂಗ್‌ಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಹೋಂಡಾ ಕೈಬಿಟ್ಟ ತಂಡವನ್ನು ರಾಸ್ ಬ್ರಾನ್ ತಮ್ಮ ಹೆಸರಿನಲ್ಲಿ ನಡೆಸಲು ಹೊರಟಿದ್ದರು. ಜಾಹೀರಾತುಗಳೇ ಇಲ್ಲದ ಬಿಳಿ ಕಾರು ಬಾರ್ಸಿಲೋನಾದಲ್ಲಿ ಎಲ್ಲರಿಗಿಂತ ಜೋರಾಗಿ ಓಡಿತು. ಕಾರಣ ಸ್ಪಷ್ಟವಿತ್ತು: ಟ್ಯಾಂಕ್ ಖಾಲಿ, ಸ್ಪಾನ್ಸರ್ ಹಿಡಿಯುವ ಹುನ್ನಾರ. ಮುಂದೆ ಮೆಲ್ಬರ್ನ್‌ನಲ್ಲಿ ಬ್ರಾನ್ ಕಾರುಗಳು ಶನಿವಾರವೂ ಭಾನುವಾರವೂ ಮೊದಲೆರಡು ಸ್ಥಾನ ಪಡೆದವು. ವರ್ಷದ ಕೊನೆಗೆ ಎರಡೂ ಚಾಂಪಿಯನ್‌ಶಿಪ್ ಆ ತಂಡಕ್ಕೇ ಹೋದವು. ಇಡೀ ವರ್ಷ ಖಾಲಿ ಟ್ಯಾಂಕ್‌ನಲ್ಲಿ ಓಡುವುದು ಹೇಗೆ ಎಂಬುದನ್ನು ಆ ತಂಡ ಇಂದಿಗೂ ವಿವರಿಸಿಲ್ಲ.

ಅದೇ 2009ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ನಡೆದದ್ದು ನಮ್ಮವರಿಗೆ ಇನ್ನೂ ಹತ್ತಿರದ್ದು. ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಅಲ್ಲಿಯವರೆಗೆ ಒಂದೇ ಒಂದು ಅಂಕ ಗಳಿಸಿರಲಿಲ್ಲ. ಆ ತಂಡದ ಜಿಯಾನ್‌ಕಾರ್ಲೊ ಫಿಸಿಕೆಲ್ಲಾ ಪೋಲ್ ಹೊಡೆದ. ಜಗತ್ತಿನ ತಜ್ಞರೆಲ್ಲ ಒಕ್ಕೊರಲಿನಿಂದ ಮೊದಲ ವಾಕ್ಯ ಹೇಳಿದರು. ಮಾಲೀಕರ ಮೂಲ ವ್ಯಾಪಾರವೂ ದ್ರವಪದಾರ್ಥದ್ದೇ ಆದ್ದರಿಂದ ಎಷ್ಟು ತುಂಬಬೇಕು, ಎಷ್ಟು ಬಿಡಬೇಕು ಎಂಬ ಅನುಭವ ಅವರಿಗಿದ್ದೇ ಇರುತ್ತದೆ ಎಂದುಕೊಂಡವರೂ ಉಂಟು. ಸಂಜೆ ತೂಕದ ಪಟ್ಟಿ ಬಂತು. ಫಿಸಿಕೆಲ್ಲಾ ಕಾರು 648 ಕೆಜಿ. ಡ್ರೈವರ್ ಸಮೇತ ಕನಿಷ್ಠ ತೂಕ 605 ಕೆಜಿ ಇದ್ದ ಕಾಲ ಅದು. ಅಂದರೆ ಟ್ಯಾಂಕ್‌ನಲ್ಲಿ ಹತ್ತಿರ ಹತ್ತಿರ 43 ಕೆಜಿ ಇಂಧನ. ನಾಲ್ಕನೇ ಸ್ಥಾನಕ್ಕೆ ಬಂದ ಬ್ಯಾರಿಕೆಲ್ಲೊ ಕಾರು ಇದಕ್ಕಿಂತ ಹಗುರವಾಗಿತ್ತು. ಭಾನುವಾರ ಫಿಸಿಕೆಲ್ಲಾ ಎರಡನೆಯವನಾಗಿ ಬಂದ; ಗೆದ್ದ ಫೆರಾರಿಯ ರೈಕೊನೆನ್‌ಗಿಂತ ಒಂದು ಸೆಕೆಂಡೂ ಹಿಂದಿರಲಿಲ್ಲ.

ತಜ್ಞರು ವಿಚಲಿತರಾಗಲಿಲ್ಲ. ಪೆಟ್ರೋಲ್ ಕೈಕೊಟ್ಟಾಗ ಹಿಡಿಯಲೆಂದೇ ಟೈರ್ ಇರುವುದು. ಸ್ಪಾದ ಹವಾಮಾನಕ್ಕೆ ಆ ಕಾರಿನ ಟೈರ್‌ಗಳು ಹದವಾಗಿ ಕಾದಿದ್ದವು ಎಂದರು. ಗಾಳಿಯ ತಡೆ ಕಡಿಮೆ ಇರುವ ಹಾಗೆ ಕಾರನ್ನು ಮಾಡಿದ್ದರು, ಉದ್ದನೆಯ ನೇರ ರಸ್ತೆಗಳಲ್ಲಿ ಅದು ಫಲ ಕೊಟ್ಟಿತು ಎಂದು ಎಂಜಿನಿಯರುಗಳು ಗೊಣಗಿದ್ದುಂಟು. ಮುಂದಿನ ರೇಸ್ ಮೊಂಜಾದಲ್ಲಿ ಅದೇ ತಂಡದ ಸುಟಿಲ್ ಗ್ರಿಡ್‌ನಲ್ಲಿ ಎರಡನೆಯವನಾದದ್ದೂ ನಿಜ. ಆದರೆ ಕಾರು ಚೆನ್ನಾಗಿತ್ತು ಎಂಬಂಥ ಸಾದಾ ವಿವರಣೆ ತಜ್ಞರ ಬಾಯಿಂದ ಬರುವುದು ಶೋಭೆಯಲ್ಲ.

2010ರಿಂದ ರೇಸ್ ನಡುವೆ ಇಂಧನ ತುಂಬುವುದನ್ನೇ ನಿಷೇಧಿಸಿದರು. ಶನಿವಾರ ಎಲ್ಲರದ್ದೂ ಖಾಲಿ ಟ್ಯಾಂಕ್ ಆಯಿತು. ಹೋಗಿ, ಒಂದು ಲ್ಯಾಪ್ ಓಡಿ, ಬರುವುದಕ್ಕೆ ಎಷ್ಟು ಬೇಕೋ ಅಷ್ಟು. ಅದರ ಮೇಲೆ ಪರೀಕ್ಷೆಗೆಂದು ಒಂದು ಲೀಟರ್ ಉಳಿಸಿರಬೇಕು. ಇನ್ನು ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು, ಆದರೆ ತಂಡಗಳು ನಮ್ಮ ಕೈಬಿಡಲಿಲ್ಲ. ಆ ವರ್ಷ ಮಾಂಟ್ರಿಯಲ್‌ನಲ್ಲಿ ಹ್ಯಾಮಿಲ್ಟನ್ ಪೋಲ್ ಹೊಡೆದು, ವಾಪಸ್ ಬರುವಾಗ ಪೆಟ್ರೋಲ್ ಉಳಿಸಲು ಟ್ರ್ಯಾಕ್ ಮೇಲೇ ಕಾರು ನಿಲ್ಲಿಸಿ, ಇಳಿದು ತಳ್ಳಿದ. ಜಗತ್ತಿನ ಅತಿ ದುಬಾರಿ ಕಾರುಗಳಲ್ಲೊಂದನ್ನು ಪೋಲ್ ವೀರನೇ ತಳ್ಳುವುದನ್ನು ನೋಡಿ ತಂಡಕ್ಕೆ 10,000 ಡಾಲರ್ ದಂಡ ಹಾಕಿದರು. 2012ರಲ್ಲಿ ಬಾರ್ಸಿಲೋನಾದಲ್ಲಿ ಅದೇ ಹ್ಯಾಮಿಲ್ಟನ್ ಮತ್ತೆ ಎಲ್ಲರಿಗಿಂತ ಮುಂದೆ ಬಂದ. ತಂಡ ಕಡಿಮೆ ಇಂಧನ ಹಾಕಿತ್ತು. ಹಿಂದಿರುಗುವ ದಾರಿಯಲ್ಲೇ ಕಾರು ನಿಲ್ಲಿಸು ಎಂದು ರೇಡಿಯೋದಲ್ಲಿ ಹೇಳಿದರು. ಈ ಸಲ ದಂಡವಲ್ಲ, 24ನೇ ಸ್ಥಾನ. ಪೋಲ್ ಪಾಸ್ಟರ್ ಮಾಲ್ಡೊನಾಡೊ ಪಾಲಾಯಿತು, ಮರುದಿನ ಅವನೇ ಗೆದ್ದ. ಕೆಲವೇ ಲೀಟರ್‌ಗಳ ಉಳಿತಾಯಕ್ಕೆ 23 ಸ್ಥಾನ ತೆತ್ತ ಈ ಲೆಕ್ಕವನ್ನು ಆಯವ್ಯಯ ಪಂಡಿತರು ಅಭ್ಯಾಸ ಮಾಡಬೇಕು.

ಇನ್ನು ಟೈರ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಗಾದೆ ಕಟ್ಟಿದವರು ಆ ನೆಲದ ಉಷ್ಣಾಂಶ ಅಳೆದಿರಲಿಲ್ಲ. ಅಳೆದಿದ್ದರೆ ಪಾಪ, ಅವಳ ಮಾತಿನಲ್ಲಿ ತಥ್ಯವಿದೆ ಎಂದು ಒಪ್ಪುತ್ತಿದ್ದರು. ಈಚಿನ ವರ್ಷಗಳಲ್ಲಿ ಟೈರ್‌ಗಳನ್ನು ವಿದ್ಯುತ್ ಹೊದಿಕೆಯಲ್ಲಿ ಸುತ್ತಿ 70 ಡಿಗ್ರಿಗೆ ಬೆಚ್ಚಗಿಟ್ಟಿರುತ್ತಾರೆ. ಹೊದಿಕೆ ತೆಗೆದು ಹೊರಟ ಮೇಲೆ ಔಟ್ ಲ್ಯಾಪ್‌ನಲ್ಲಿ ಡ್ರೈವರ್ ಅದನ್ನು ಹದಕ್ಕೆ ತರಬೇಕು. ನಿಧಾನ ಹೋದರೆ ಮುಂದಿನ ಟೈರ್ ತಣ್ಣಗಾಗಿ ಮೊದಲ ತಿರುವಿನಲ್ಲಿ ಕಾರು ತಿರುಗುವುದಿಲ್ಲ. ಜೋರಾಗಿ ಹೋದರೆ ಹಿಂದಿನ ಟೈರ್ ವಿಪರೀತ ಕಾದು ಕೊನೆಯ ತಿರುವಿನಲ್ಲಿ ಜಾರುತ್ತದೆ. ಎರಡರ ನಡುವೆ ಟೈರ್ ಸಂತೋಷವಾಗಿರುವುದು ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷದ ಬಗ್ಗೆ ವಾರವಿಡೀ ಮಾತಾಡಬಲ್ಲವನೇ ತಜ್ಞ.

ಹೆಸರುಗಳನ್ನು ಕಲಿಯುವುದೂ ಮುಖ್ಯ. 2018ರಲ್ಲಿ ಪಿರೆಲ್ಲಿಯ ಒಣ ಟ್ರ್ಯಾಕ್ ಟೈರ್‌ಗಳು ಏಳು: ಹೈಪರ್‌ಸಾಫ್ಟ್, ಅಲ್ಟ್ರಾಸಾಫ್ಟ್, ಸೂಪರ್‌ಸಾಫ್ಟ್, ಸಾಫ್ಟ್, ಮೀಡಿಯಂ, ಹಾರ್ಡ್, ಸೂಪರ್‌ಹಾರ್ಡ್. ಇವುಗಳಲ್ಲಿ ಸಾಫ್ಟ್ ಎಂಬುದು ಸರಿಯಾಗಿ ಮಧ್ಯದಲ್ಲಿತ್ತು, ಮೀಡಿಯಂ ಎಂಬುದು ಗಟ್ಟಿಯ ಕಡೆಗಿತ್ತು, ಸೂಪರ್‌ಹಾರ್ಡ್ ಒಂದು ರೇಸ್‌ಗೂ ಬರಲಿಲ್ಲ. ಜನರಿಗೆ ಗೊಂದಲವಾಗುತ್ತಿದೆ ಎಂದು 2019ರಲ್ಲಿ ಸಿ1ರಿಂದ ಸಿ5ರವರೆಗೆ ಸಂಖ್ಯೆ ಕೊಟ್ಟರು. ಅಲ್ಲಿಗೆ ಗೊಂದಲ ತೀರಿತು: ಆ ವರ್ಷ ಬಾರ್ಸಿಲೋನಾದಲ್ಲಿ ಕೆಂಪು ಪಟ್ಟಿ ಬಳಿದು ಸಾಫ್ಟ್ ಎಂದು ಕರೆದ ಸಿ3 ಟೈರನ್ನೇ ಮೊನಾಕೊಗೆ ಒಯ್ದು, ಬಿಳಿ ಪಟ್ಟಿ ಬಳಿದು ಹಾರ್ಡ್ ಎಂದು ಕರೆದರು. 2025ರಲ್ಲಿ ಎಲ್ಲಕ್ಕಿಂತ ಮೆತ್ತಗಿನ ಸಿ6 ಟೈರನ್ನು ಇಮೋಲಾಗೆ ತಂದರು, ಇನ್ನೂ ವೇಗ ಸಿಗಲಿ ಎಂದು. ಅಲ್ಲಿನ ಕ್ವಾಲಿಫೈಯಿಂಗ್‌ನಲ್ಲಿ ರಸೆಲ್ ಅದನ್ನು ಬಿಟ್ಟು ಮೀಡಿಯಂ ಹಾಕಿಕೊಂಡು ಮೂರನೆಯವನಾದ, ಅಲೊನ್ಸೊ ಹಾಗೆಯೇ ಐದನೆಯವನಾದ. ಮೆತ್ತಗಿದ್ದಷ್ಟೂ ವೇಗ ಎಂಬ ನಿಯಮಕ್ಕೆ ಇದರಿಂದ ಧಕ್ಕೆಯೇನಿಲ್ಲ. ಆ ದಿನದ ಮಟ್ಟಿಗೆ ನಿಯಮ ಕಾದಿರಲಿಲ್ಲ, ಅಷ್ಟೆ.

2014ರಿಂದ 2021ರವರೆಗೆ ಇನ್ನೊಂದು ಸೊಗಸಿತ್ತು. ಮೊದಲ ಹತ್ತು ಮಂದಿ, ಎರಡನೇ ಹಂತದಲ್ಲಿ ಉತ್ತಮ ಸಮಯ ತೆಗೆದ ಹಳೆಯ ಟೈರ್‌ನಲ್ಲೇ ರೇಸ್ ಶುರು ಮಾಡಬೇಕು. ಹನ್ನೊಂದನೆಯವನಿಗೆ ಹೊಸ ಟೈರ್, ಅದೂ ಬೇಕಾದ್ದು. ಹೀಗಾಗಿ ಹತ್ತನೆಯವನಾಗಿ ಗೆಲ್ಲುವುದಕ್ಕಿಂತ ಹನ್ನೊಂದನೆಯವನಾಗಿ ಸೋಲುವುದು ಲಾಭ ಎಂದು ಅನೇಕ ತಂಡಗಳು ಕಂಡುಕೊಂಡವು. ಸೋತು ಬಂದ ಡ್ರೈವರ್ ಬೇಸರದ ಮುಖ ಹಾಕಿಕೊಳ್ಳಬೇಕಾಗಿದ್ದದ್ದೊಂದೇ ತೊಂದರೆ.

ಪೆಟ್ರೋಲ್, ಟೈರ್ ಎರಡೂ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡ ಮಹಾಪ್ರಸಂಗ 2005ರ ಇಂಡಿಯಾನಾಪೊಲಿಸ್. ಆ ವರ್ಷ ಕ್ವಾಲಿಫೈಯಿಂಗ್‌ಗೂ ಇಡೀ ರೇಸ್‌ಗೂ ಒಂದೇ ಸೆಟ್ ಟೈರ್. ಶುಕ್ರವಾರ ಒಳಕ್ಕೆ ವಾಲಿದ ಕೊನೆಯ ತಿರುವಿನಲ್ಲಿ ಟೊಯೊಟಾದ ರಾಲ್ಫ್ ಶೂಮಾಕರ್ ಗೋಡೆಗೆ ಬಡಿದ. ತನ್ನ ಟೈರ್‌ಗಳು ಈ ತಿರುವನ್ನು ತಡೆಯಲಾರವು ಎಂದು ಮಿಶೆಲಿನ್ ತನ್ನ ಏಳು ತಂಡಗಳಿಗೆ ಹೇಳಿತು. ಶನಿವಾರ ಟೊಯೊಟಾದ ಇನ್ನೊಬ್ಬ ಡ್ರೈವರ್ ಯಾರ್ನೊ ಟ್ರುಲ್ಲಿ ಪೋಲ್ ಹೊಡೆದ, ಆ ತಂಡದ ಚರಿತ್ರೆಯಲ್ಲೇ ಮೊದಲನೆಯದು. ಭಾನುವಾರ ಹೇಗೂ ಓಡುವುದು ಅನುಮಾನ, ಅಂದಮೇಲೆ ಟ್ಯಾಂಕ್ ತಳ ಒದ್ದೆಯಾಗುವಷ್ಟೇ ಹಾಕಿದ್ದರು ಎಂಬುದು ತಜ್ಞರ ಬಲವಾದ ಅಭಿಪ್ರಾಯ. ಜೂನ್ 19ರಂದು 20 ಕಾರುಗಳು ರೇಸ್‌ಗೆ ಮುಂಚಿನ ಫಾರ್ಮೇಶನ್ ಲ್ಯಾಪ್‌ಗೆ ಹೊರಟವು. ಲ್ಯಾಪ್ ಮುಗಿಯುತ್ತಿದ್ದಂತೆ ಪೋಲ್ ವೀರನೂ ಸೇರಿದಂತೆ 14 ಕಾರುಗಳು ಪಿಟ್‌ಗೆ ತಿರುಗಿಕೊಂಡವು. ಬ್ರಿಡ್ಜ್‌ಸ್ಟೋನ್ ಟೈರ್‌ನ ಆರೇ ಕಾರು ಉಳಿದವು. ಹಣ ಕೊಟ್ಟು ಬಂದ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಟ್ರ್ಯಾಕಿಗೆ ಎಸೆದರು. ಶನಿವಾರ ಗ್ರಿಡ್‌ನ ಬಾಲದಲ್ಲಿದ್ದ ಜೋರ್ಡನ್ ತಂಡದ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವರಾಗಿ ಬಂದು ಐದು ಅಂಕ ಪಡೆದರು. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬನ ಮೊದಲ ಅಂಕಗಳು ಅವು. ಟೈರ್ ಆಯ್ಕೆ ಎಷ್ಟು ಮುಖ್ಯ ಎಂದು ಕೇಳುವವರಿಗೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ.

2026ರಿಂದ ನಿಯಮ ಮತ್ತೆ ಬದಲು. ಕಾರಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಿದ್ಯುತ್ತಿನದು. ಹೀಗಾಗಿ ತಜ್ಞರ ಬತ್ತಳಿಕೆಗೆ ಹೊಸ ವಾಕ್ಯವೊಂದು ಸೇರಿದೆ: "ಚಾರ್ಜ್ ಇರಲಿಲ್ಲ." ಕರೆದಾಗ ಫೋನ್ ಎತ್ತದ ನಮ್ಮವರೆಲ್ಲ ಇದನ್ನು ವರ್ಷಗಳಿಂದ ಅಭ್ಯಾಸ ಮಾಡುತ್ತಿರುವುದರಿಂದ, ಬೆಂಗಳೂರಿನಲ್ಲಿ ಈ ಶಾಸ್ತ್ರಕ್ಕೆ ತಜ್ಞರ ಕೊರತೆ ಬರಲಾರದು.