ಇರ್ಲಿ ಬುಡಿ ಮೇಷ್ಟ್ರೆ

ದಂಡಿಗನಹಳ್ಳಿ ಹೋಬಳಿಯ ನಮಗೆ ತಾಲ್ಲೂಕು ಕಚೇರಿ ಚನ್ನರಾಯಪಟ್ಟಣದಲ್ಲಿ, ವೋಟು ಹೊಳೆನರಸೀಪುರ ಕ್ಷೇತ್ರಕ್ಕೆ. ಲೈಟಿಂಗ್ ಹಾಕಿಸಲು ಮಾತ್ರ ಎಲ್ಲಿಗೂ ಹೋಗಬೇಕಿಲ್ಲ. ಆಸಾಮಿ ಊರಲ್ಲೇ ಇದ್ದಾನೆ.

ಕಿವಿ ಮೇಲೆ ಟೆಸ್ಟರ್, ಜೇಬಿನಲ್ಲಿ ಇನ್ಸುಲೇಷನ್ ಟೇಪು. ವೈರನ್ನು ಹಲ್ಲಲ್ಲೇ ಸುಲಿಯುತ್ತಾನೆ. ಹಾಸನಾಂಬೆ ಬಾಗಿಲು ತೆಗೆದಾಗ ಹಾಸನದ ಬೀದಿದೀಪಾಲಂಕಾರ ನೋಡಿಬಂದು, ಅದರ ತಪ್ಪುಗಳನ್ನು ಸಂಕ್ರಾಂತಿವರೆಗೂ ಹೇಳುತ್ತಾನೆ. ಕರೆದರೆ ಇಲ್ಲ ಅನ್ನುವವನಲ್ಲ. ದುಡ್ಡಿಲ್ಲದ ಮನೆಯ ಮದುವೆಗೂ ಎರಡು ಸರ ಕಟ್ಟಿ ಬರುತ್ತಾನೆ. ಅವನದು ಒಂದೇ ರೋಗ: ಏನನ್ನೂ ಬಿಸಾಡುವುದಿಲ್ಲ. ಕೆಟ್ಟ ಹೋಲ್ಡರು, ಸುಟ್ಟ ಅಡಾಪ್ಟರು, ಎಲ್ಲಕ್ಕೂ ಒಂದೇ ಮಾತು: "ಇರ್ಲಿ ಬುಡಿ."

ಮೈಸೂರು ಅರಮನೆಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳಿವೆ. ಸ್ವಿಚ್ ಹಾಕಿದರೆ ಹತ್ತುತ್ತವೆ, ಅಲ್ಲಿಗೆ ಮುಗಿಯಿತು. ನಮ್ಮ ಗಣಪತಿ ಪೆಂಡಾಲಿನ ಕಮಾನಿಗೆ ಇದ್ದದ್ದು ಸಾವಿರ ಪಿಕ್ಸೆಲ್ ಬಲ್ಬು. ಆದರೆ ಯಾವ ಬಲ್ಬಿಗೆ ಯಾವ ಗಳಿಗೆಯಲ್ಲಿ ಯಾವ ಬಣ್ಣ ಎಂದು ಲ್ಯಾಪ್‌ಟಾಪಿನಲ್ಲಿ ಮೊದಲೇ ಜೋಡಿಸಿ, ಕಾರ್ಡಿಗೆ ಇಳಿಸಿ, ಆ ಕಾರ್ಡನ್ನು ಕಂಟ್ರೋಲರಿಗೆ ಸಿಕ್ಕಿಸಬೇಕು. ಪ್ರತಿಷ್ಠಾಪನೆಯ ಸಂಜೆ ಕಾರ್ಡು ಫೈಲನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಫೈಲು ದೊಡ್ಡದಾಯಿತಂತೆ. ಇವನು ಕಮಿಟಿ ದುಡ್ಡಿನಲ್ಲಿ ಪಟ್ಟಣದಿಂದ 32 ಜಿಬಿ ಕಾರ್ಡು ತರಿಸಿದ. ಅದೂ ಅದನ್ನೇ ಅಂದಿತು.

"32 ಐತೆ, ನಾಲ್ಕೂವರೆ ಹಿಡಿಯಕ್ಕೇನ್ ರೋಗ ಇದ್ಕೆ, ಮೇಷ್ಟ್ರೆ?"

ಬೆಂಗಳೂರಿನ ಮೊಮ್ಮಗ ಫೋನಿನಲ್ಲಿ ಬಿಡಿಸಿ ಹೇಳಿದ: "ತಾತ, ಆ ಕಾರ್ಡು ಫ್ಯಾಟ್32. ಒಟ್ಟು ಜಾಗ ಎಷ್ಟೇ ಇರಲಿ, ಒಂದೊಂದು ಫೈಲೂ 4 ಜಿಬಿಯೊಳಗೇ ಇರಬೇಕು."

ಲೆಕ್ಕಕ್ಕೆ ಕೂತೆ. ಇವನಿಗೆ ಮಗ್ಗಿ ಕಲಿಸಿದವನು ನಾನೇ. ಫಲ ಎದುರಿಗೇ ಇತ್ತು. ಕೆಂಪು, ಹಸಿರು, ನೀಲಿ ಅಂತ ಬಲ್ಬಿಗೆ ಮೂರು ಬೈಟು. ಸಾವಿರ ಬಲ್ಬಿಗೆ ಮೂರು ಸಾವಿರ. ಸೆಕೆಂಡಿಗೆ 20 ಸಲ ಬದಲಾದರೆ 60 ಸಾವಿರ. ಒಂದು ಗಂಟೆಯ ಆಟಕ್ಕೆ 216 ಎಂಬಿ, ಅಷ್ಟೇ. ಮಿಕ್ಕದ್ದು ಎಲ್ಲಿಂದ ಬಂತು?

ಪರದೆ ಸರಿಸುತ್ತ ಹೋದ. ನಮ್ಮ ಕಮಾನು ಶುರುವಾಗಿದ್ದು 20,001ನೇ ಬಲ್ಬಿನಿಂದ. ಅದಕ್ಕೂ ಮೊದಲು ಅವನು ಈವರೆಗೆ ಕಟ್ಟಿದ ಕಮಾನು, ತೇರು, ಮಂಟಪಗಳೆಲ್ಲ ಸಾಲಾಗಿ ಕೂತಿದ್ದವು. ಯಾವುದೂ ಉರಿಯುವಂಥದ್ದಲ್ಲ, ಆದರೆ ಆರಿದ ಬಲ್ಬಿಗೂ ಅದೇ ಮೂರು ಬೈಟು. 21,000 ಬಲ್ಬಿನ ಲೆಕ್ಕ ಹಾಕಿದರೆ ಗಂಟೆಗೆ 453 ಕೋಟಿ ಬೈಟು ದಾಟುತ್ತದೆ. ಕಾರ್ಡಿನ ಮಿತಿ 429 ಕೋಟಿ ಚಿಲ್ಲರೆ. ಫೈಲನ್ನು ಹಿಂಡಿ ಚಿಕ್ಕದು ಮಾಡುವ ಆಯ್ಕೆ ಸಾಫ್ಟ್‌ವೇರಿನಲ್ಲೇ ಇತ್ತು. ಬಣ್ಣ ಮಂಕಾಗುತ್ತದೆ ಅಂತ ಅದನ್ನು ಆಫ್ ಮಾಡಿಟ್ಟಿದ್ದ. ಅದರಿಂದ ಒಂದು ಚುಕ್ಕಿಯ ಬಣ್ಣವೂ ಹೋಗುವುದಿಲ್ಲ ಅಂತ ಮೊಮ್ಮಗ ಹೇಳಿದರೆ ನಂಬಬೇಕಲ್ಲ!

"ಹಳೇದು ಅಳಿಸೋ" ಅಂದೆ.

ಮೌಸಿನ ಮೇಲಿನ ಕೈ ಅಲ್ಲಾಡಲಿಲ್ಲ. "ಇದು ನಮ್ಮಜ್ಜಿ ಊರಿನ ತೇರು, ಈಗ ಅಲ್ಲಿ ಲೈಟಿಂಗ್ ಹಾಕ್ಸೋರಿಲ್ಲ. ಹುಡುಗ್ರೆಲ್ಲ ಬೆಂಗ್ಳೂರು. ಇದು ಗೌಡ್ರ ಮಗಳ ಮದ್ವೆ ಮಂಟಪ..." ಹೆಸರು ಹಿಡಿದು ಒಂದೊಂದನ್ನೇ ತೋರಿಸಿದ. ಆ ಗೌಡರು ಹೋಗಿ ಎಷ್ಟೋ ಕಾಲವಾಯಿತು. ಅವರ ಮನೆಯ ಚಪ್ಪರ ಎಲ್ಲಿವರೆಗೆ ಬಂದಿತ್ತು, ಎಷ್ಟು ಸಾಲು ದೀಪ ಇತ್ತು, ಅವರ ಮಕ್ಕಳಿಗೂ ನೆನಪಿದ್ದೀತೋ ಇಲ್ಲವೋ. ಇವನ ಫೈಲಿನಲ್ಲಿ ಬಲ್ಬಿನ ಲೆಕ್ಕ ಸಮೇತ ಇತ್ತು. ನಾನೂ ಮಂಗಳಾರತಿಯ ಹೊತ್ತು ಮರೆತು ನೋಡುತ್ತ ನಿಂತೆ.

ಕೊನೆಗೆ ಹಳೆಯದನ್ನೆಲ್ಲ ಪೆನ್‌ಡ್ರೈವಿಗೆ ಎತ್ತಿಟ್ಟು, ನಮ್ಮ ಕಮಾನಿಗೆ 1ರಿಂದ ನಂಬರು ಕೊಟ್ಟ. ಫೈಲು ಹಳೆಯ ಕಾರ್ಡಿನಲ್ಲೇ ಕೂತಿತು. ಗಣಪತಿ ಬಣ್ಣಬಣ್ಣವಾಗಿ ಸೊಂಡಿಲಾಡಿಸಿದ.

ವಿಸರ್ಜನೆ ಮುಗಿದ ಮೇಲೆ ಬಿಲ್ಲು ಬಂತು. 32 ಜಿಬಿ ಕಾರ್ಡಿನ ಕೆಳಗೆ ಪೆನ್‌ಡ್ರೈವೂ ಇತ್ತು. ಕಾರ್ಡಿಗೆ ಆಗಲೇ ಕಮಿಟಿಯಿಂದ ದುಡ್ಡು ಕೊಟ್ಟಾಗಿದೆ, ಪೆನ್‌ಡ್ರೈವು ನಿನ್ನದು, ಆ ಎರಡು ಸಾಲು ಹೊಡೆದುಹಾಕು ಅಂದೆ.

"ಇರ್ಲಿ ಬುಡಿ ಮೇಷ್ಟ್ರೆ" ಅಂದ.