ಗೋಡೆ ತೆರಿಗೆಯ ಬೀದಿಯಿಂದ ಒಂದು ಓಲೆ

ಗಡಿಗೆ ಗೋಡೆ ಎಬ್ಬಿಸಲು ಟೊಂಕ ಕಟ್ಟಿ ನಿಂತಿರುವ ಸಕಲ ದೇಶಗಳ ಮಹನೀಯರ ಸನ್ನಿಧಾನಕ್ಕೆ, ಚೆನ್ನೈನ ವಾಲ್‌ಟ್ಯಾಕ್ಸ್ ರಸ್ತೆಯಿಂದ ನಮಸ್ಕಾರಗಳು. ಉಭಯ ಕುಶಲೋಪರಿ.

ಈ ರಸ್ತೆ ಸೆಂಟ್ರಲ್ ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ. ಸರ್ಕಾರಿ ಹೆಸರು ವ.ಉ.ಚಿ. ರಸ್ತೆ. ಆಟೋದವನಿಗೆ ಹಾಗೆಂದರೆ ತಲೆ ಕೆರೆದುಕೊಳ್ಳುತ್ತಾನೆ. ‘ವಾಲ್‌ಟ್ಯಾಕ್ಸ್’ ಎಂದರೆ ಮೀಟರ್ ಕಡೆ ನೋಡದೆಯೇ ರೇಟು ಹೇಳುತ್ತಾನೆ. ಇಲ್ಲೀಗ ವಾಲೂ ಇಲ್ಲ, ಟ್ಯಾಕ್ಸೂ ಇಲ್ಲ.

ವಾಲ್ ಎದ್ದ ಕಥೆ ಹೀಗಿದೆ. 1767ರಲ್ಲಿ ಹದಿಹರೆಯದ ಟಿಪ್ಪು ಕುದುರೆ ಸವಾರರೊಡನೆ ಮದರಾಸಿನ ಹೊರವಲಯಕ್ಕೆ ನುಗ್ಗಿ, ಈಸ್ಟ್ ಇಂಡಿಯಾ ಕಂಪನಿ ದೊರೆಗಳ ತೋಟದ ಬಂಗಲೆಗಳನ್ನು ಸೂರೆ ಮಾಡಿ ಹೋದ. 1769ರ ಮಾರ್ಚ್‌ನಲ್ಲಿ ಅಪ್ಪನೇ ಬಂದ. ಕಂಪನಿಯ ಕರ್ನಲ್ ಸ್ಮಿತ್‌ನ ಸೈನ್ಯವನ್ನು ದೂರಕ್ಕೆ ಎಳೆದುಬಿಟ್ಟು, ಹೈದರಾಲಿ ಆರು ಸಾವಿರ ಕುದುರೆಗಳೊಂದಿಗೆ ಸುಮಾರು 130 ಮೈಲಿಯನ್ನು ಮೂರೂವರೆ ದಿನದಲ್ಲಿ ಕ್ರಮಿಸಿ ಮದರಾಸಿನ ಪಕ್ಕದ ಪರಂಗಿಮಲೆಯ ಬಳಿ ಪ್ರತ್ಯಕ್ಷನಾದ. ಕೌನ್ಸಿಲ್‌ನವರ ಬಾಯಿ ಒಣಗಿತು. ಏಪ್ರಿಲ್‌ನಲ್ಲಿ ಒಪ್ಪಂದವಾಯಿತು: ಗೆದ್ದ ಜಾಗ ಹಿಂದಿರುಗಿಸುವುದು, ಒಬ್ಬರ ಮೇಲೆ ಯಾರಾದರೂ ಏರಿಬಂದರೆ ಇನ್ನೊಬ್ಬರು ನೆರವಿಗೆ ಹೋಗುವುದು.

ಹೈದರ್ ಕುದುರೆ ತಿರುಗಿಸಿದ. ಆಮೇಲೆ ಭರದಿಂದ ಸಾಗಿತು ಗೋಡೆ ಕೆಲಸ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕಂಪನಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೇನೋ. ಬ್ಲ್ಯಾಕ್ ಟೌನಿನ, ಅಂದರೆ ಇಂದಿನ ಜಾರ್ಜ್ ಟೌನಿನ, ಪೂರ್ವಕ್ಕೆ ಸಮುದ್ರ, ದಕ್ಷಿಣಕ್ಕೆ ಸೇಂಟ್ ಜಾರ್ಜ್ ಕೋಟೆ. ಉಳಿದೆರಡು ದಿಕ್ಕಿಗೆ ಗೋಡೆ. ಗುತ್ತಿಗೆ ಹಿಡಿದವನು ಪಾಲ್ ಬೆನ್‌ಫೀಲ್ಡ್. ಕಂಪನಿಯ ನೌಕರನೂ ಅವನೇ, ಗುತ್ತಿಗೆದಾರನೂ ಅವನೇ! ಆರ್ಕಾಟಿನ ನವಾಬನಿಗೇ ಸಾಲ ಕೊಡುವಷ್ಟು ಬೆಳೆದ. 1785ರಲ್ಲಿ ಎಡ್ಮಂಡ್ ಬರ್ಕ್ ಬ್ರಿಟನ್ನಿನ ಸಂಸತ್ತಿನಲ್ಲಿ ಆ ಸಾಲಗಳ ಮಾತೆತ್ತಿ ಅವನನ್ನು ಜಾಡಿಸಿದ. ಗೋಡೆಯಿಂದ ಯಾರಿಗೂ ಲಾಭವಿಲ್ಲ ಎನ್ನುವವರು ಬೆನ್‌ಫೀಲ್ಡ್‌ನನ್ನು ಮರೆಯಬಾರದು.

ಖರ್ಚು? ಗೋಡೆಯೊಳಗೆ ನೆಮ್ಮದಿಯಾಗಿ ಮಲಗುವವರೇ ಕೊಡಲಿ ಎಂದು ಬ್ಲ್ಯಾಕ್ ಟೌನ್ ನಿವಾಸಿಗಳ ಮೇಲೆ ತೆರಿಗೆ ಹಾಕುವ ಲೆಕ್ಕಾಚಾರ ನಡೆಯಿತು. ತೆರಿಗೆ ವಸೂಲಾಗಲೇ ಇಲ್ಲ. ಹೆಸರು ಮಾತ್ರ ಬೀದಿಗೆ ಅಂಟಿಕೊಂಡಿತು. ಗೋಡೆಯ ಹಣ ಮೆಕ್ಸಿಕೋ ಕೊಡುತ್ತದೆಂದು 2016ರಲ್ಲಿ ಊರೂರು ಸಾರಿದ ಡೊನಾಲ್ಡ್ ಟ್ರಂಪ್ ಸಾಹೇಬರು ಮೊದಲು ಇಲ್ಲಿಗೆ ಬಂದು ಒಂದು ಲೋಟ ಕಾಫಿ ಕುಡಿಯಬಹುದಿತ್ತು. ಅವರು 2020ರಲ್ಲಿ ಬಂದದ್ದು ಅಹಮದಾಬಾದಿಗೆ. ಅಲ್ಲಿ ಅವರ ದಾರಿಯ ಪಕ್ಕದ ಕೊಳೆಗೇರಿಯ ಮುಂದೆ ಒಂದು ಗೋಡೆ ಎದ್ದಿತು. (ಅದರ ಬಿಲ್ಲನ್ನೂ ಮೆಕ್ಸಿಕೋದವರು ಕೊಡಲಿಲ್ಲ.)

ಇನ್ನು ಪ್ರಯೋಜನದ ವಿಚಾರ. 1771ರಲ್ಲಿ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಕೊಟ್ಟ ಮಾತು ಮರೆತು ಕೈಕಟ್ಟಿ ಕೂತಿತು. ಹೈದರ್ ಮರೆಯಲಿಲ್ಲ. 1780ರಲ್ಲಿ ಘಟ್ಟ ಇಳಿದು ಬಂದ ಅಪ್ಪ-ಮಗ ಪೊಳ್ಳಿಲೂರಿನಲ್ಲಿ ಕಂಪನಿ ಸೇನಾನಿ ಬೈಲಿಯ ದಳವನ್ನು ಮುಗಿಸಿದರು. ಸಮೀಪದಲ್ಲೇ ಇದ್ದ ಕಂಪನಿಯ ಇನ್ನೊಬ್ಬ ಸೇನಾನಿ ಮನ್ರೊ ಭಾರಿ ಫಿರಂಗಿಗಳನ್ನು ಕಾಂಚೀಪುರದ ಕೊಳಕ್ಕೆ ತಳ್ಳಿ ಮದರಾಸಿನತ್ತ ಕಾಲು ಕಿತ್ತ. ಗೋಡೆ ಇದ್ದದ್ದು ಒಂದು ಕಡೆ, ಪೆಟ್ಟು ಬಿದ್ದದ್ದು ಇನ್ನೊಂದು ಕಡೆ. ಗೋಡೆಗೆ ಹೆದರಿಯೇ ಹೈದರ್ ಮದರಾಸಿಗೆ ಬರಲಿಲ್ಲ ಎಂದು ಗೋಡೆಪಕ್ಷದವರು ವಾದಿಸಬಹುದು. ಅವನು ಆರ್ಕಾಟಿನ ಮುತ್ತಿಗೆಗೆ ತಿರುಗಿಬಿಟ್ಟದ್ದರಿಂದ ಪರೀಕ್ಷೆಯೇ ನಡೆಯಲಿಲ್ಲ. ಪರೀಕ್ಷೆಗೆ ಕೂರದ ಹುಡುಗ ಫೇಲಾಗುವುದೂ ಇಲ್ಲ. 1769ರ ಮಾತು ಉಳಿಸಿಕೊಂಡಿದ್ದರೆ ಎಷ್ಟು ಇಟ್ಟಿಗೆ ಮಿಗುತ್ತಿತ್ತು ಎಂಬ ಅಂದಾಜುಪಟ್ಟಿಯನ್ನಂತೂ ಯಾವ ಗುತ್ತಿಗೆದಾರನೂ ಬರೆದುಕೊಡುವುದಿಲ್ಲ.

ಗೋಡೆಯ ಒಂದು ತುಣುಕು ಓಲ್ಡ್ ಜೈಲ್ ರಸ್ತೆಯಲ್ಲಿ ಉಳಿದಿದೆ. ಅದರ ಮೇಲೆ ಉದ್ಯಾನ ಮಾಡಿದರು; ಊರವರ ಬಾಯಲ್ಲಿ ಅದು ‘ಮಾಡಿ ಪೂಂಗಾ’, ಮಾಳಿಗೆ ಪಾರ್ಕು. ಹೈದರನ ದಂಡಿಗೆ ಕಣ್ಣಿಡಬೇಕಿದ್ದ ಜಾಗ ಗಾಳಿಸೇವನೆಗೆ ಒದಗಿತು.

ಇಂತಿ,
ಗೋಡೆಯಿಲ್ಲದ ಗೋಡೆಬೀದಿಯ ದಾರಿಹೋಕ

ತಾ.ಕ.: ಬೆಂಗಳೂರಿನ ಲಾಲ್‌ಬಾಗ್ ಹೈದರ್ ಮಾಡಿಸಿದ ತೋಟ. ಆ ಹೆಸರಿನ ಎಕ್ಸ್‌ಪ್ರೆಸ್ ಬೆಳಿಗ್ಗೆ ಬೆಂಗಳೂರು ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಮೈಸೂರು ಸೀಮೆಯ ಜನರನ್ನು ತುಂಬಿಕೊಂಡು ವಾಲ್‌ಟ್ಯಾಕ್ಸ್ ರಸ್ತೆಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಮೂರೂವರೆ ದಿನವಲ್ಲ, ಸುಮಾರು ಆರು ಗಂಟೆ.