ಭಾವನ ಬ್ರೇಕು

ನಮ್ಮ ಭಾವನ ಮುಖಕ್ಕಿಂತ ಅವರ ಪಾದಗಳ ಪರಿಚಯವೇ ನನಗೆ ಹೆಚ್ಚು. ಮೂಡಿಗೆರೆ ಕಡೆಯ ಅವರ ತೋಟಕ್ಕೆ ಯಾವಾಗ ಹೋದರೂ ಶೆಡ್ಡಿನಲ್ಲಿ ಜೀಪಿನಡಿಯಿಂದ ಎರಡು ಪಾದ ಹೊರಗೆ ಚಾಚಿಕೊಂಡಿರುತ್ತವೆ, ಕೆಳಗೊಂದು ಗೋಣಿಚೀಲ. ‘ಯಾರು ಬಂದಿದ್ದು?’ ಎಂದು ಜೀಪೇ ಕೇಳಿದಂತಿರುತ್ತದೆ. ನಾನು ಎಂದರೆ, ‘ಬಂದ್ಯಾ, ಒಳ್ಳೇದಾಯ್ತು ಮಾರಾಯ. ಹತ್ತಿ ಕೂತು ಬ್ರೇಕ್ ಒತ್ತು.’ ಕಾಫಿ ಆಮೇಲೆ.

ಇಂಥ ಭಾವ ಮಲೆನಾಡಿನಲ್ಲಿ, ಕೊಡಗಿನಲ್ಲಿ ಊರಿಗೊಬ್ಬರಿದ್ದಾರೆ. ಅಂಗಳದಲ್ಲಿ ಹೊಸ ಕಾರಿರುತ್ತದೆ, ಅದರ ಸುದ್ದಿಯೇ ಇಲ್ಲ. ಮಾತೆಲ್ಲ ಸಿಜೆ-3ಬಿ ಜೀಪಿನದು. ‘ಬಾನೆಟ್ ಯಾಕೆ ಇಷ್ಟೆತ್ತರ ಗೊತ್ತಾ?’ ಗೊತ್ತು ಎಂದರೂ ಬಿಡುವುದಿಲ್ಲ. ಒಳಗಿನ ಹರಿಕೇನ್ ಇಂಜಿನ್ ಎತ್ತರ, ಅದಕ್ಕೆ ಬಾನೆಟ್ಟೂ ಎತ್ತರ. ಅಮೆರಿಕದವರು 1968ಕ್ಕೆ ಈ ಗಾಡಿ ಕೈಬಿಟ್ಟರು, ಮಹೀಂದ್ರದವರು ಮುಂದುವರಿಸಿದರು. ಭಾವ ಇನ್ನೂ ಬಿಟ್ಟಿಲ್ಲ.

ಬ್ರೇಕಿನ ಚಿಂತೆ ಮೊದಲು ಇರಲಿಲ್ಲ. ಗಾಡಿಯಲ್ಲಿ ಒಂದು ಕಲ್ಲಿತ್ತು. ಏರಿನಲ್ಲಿ ನಿಂತರೆ ಹಿಂದೆ ಕೂತ ಹುಡುಗ ಹಾರಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಒಂದು ಮಳೆಗಾಲ ಪೆಡಲ್ ತಳ ಮುಟ್ಟಿ, ಜೀಪು ಗೊಬ್ಬರದ ಗುಂಡಿಯಲ್ಲಿ ನಿಂತಿತು. ಭಾವನಿಗೆ ಜ್ಞಾನೋದಯವಾಗಿದ್ದು ಅಲ್ಲಿ.

ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೇ ಜೀಪಿನಲ್ಲಿ ಇರುವುದು ಡ್ರೈವರನ ಕಾಲಡಿ, ಫ್ಲೋರಿನ ಕೆಳಗೆ. ಆಯಿಲ್ ಹಾಕಲು ಮುಚ್ಚಳ ತೆಗೆದರೆ ಮೊದಲು ಒಳಗೆ ಬೀಳುವುದು ತೋಟದ ಕೆಸರು. ಸಾಲದ್ದಕ್ಕೆ ನಾಲ್ಕು ಚಕ್ರಕ್ಕೂ ಒಂದೇ ದಾರಿ. ಎಲ್ಲೋ ಒಂದು ಪೈಪ್ ಸೋರಿದರೆ ನಾಲ್ಕಕ್ಕೂ ಒಟ್ಟಿಗೆ ರಜೆ. ಟ್ಯಾಂಡಮ್ ಮಾಸ್ಟರಿನಲ್ಲಿ ಹಾಗಲ್ಲ: ಒಂದೇ ಸಿಲಿಂಡರಿನಲ್ಲಿ ಎರಡು ಪಿಸ್ಟನ್, ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು. ‘ಅಣ್ಣತಮ್ಮ ಪಾಲಾದ ಹಾಗೆ ಕಣೋ, ಒಬ್ಬ ಮುಳುಗಿದ್ರೂ ಇನ್ನೊಬ್ಬ ಉಳೀತಾನೆ’ ಎನ್ನುತ್ತಾರೆ ಭಾವ. ಪಾಲಾಗಿ ಕೋರ್ಟಿಗೆ ಅಲೆದವರು, ಅವರಿಗೆ ಗೊತ್ತಿರಬೇಕು.

ಟ್ಯಾಂಡಮ್ ಹಾಕಲು ಹೊರಟ ಭಾವ ಮೊದಲು, ಒಂದು ಇಂಚು ಅಗಲದ ಸಿಲಿಂಡರಿನ ಜಾಗಕ್ಕೆ ಯಾವುದೋ ಲಾರಿಯ ಒಂದೂಕಾಲು ಇಂಚಿನದನ್ನು ತಂದರು. ದೊಡ್ಡದಾದರೆ ಬ್ರೇಕೂ ಜೋರು ಎಂಬ ಲೆಕ್ಕ. ಆಗಿದ್ದು ಉಲ್ಟಾ. ಪಿಸ್ಟನ್ ಅಗಲವಾದಷ್ಟೂ ಕಾಲಿನ ಬಲ ಹಂಚಿಹೋಗಿ ಆಯಿಲ್ಲಿನ ಒತ್ತಡ ಇಳಿಯುತ್ತದೆ. ಪೆಡಲ್ ಕಲ್ಲಿನಷ್ಟು ಗಟ್ಟಿ, ಜೀಪು ಮಾತ್ರ ನಿಲ್ಲದು. ‘ಪೆಡಲ್ ಏನು ಗಟ್ಟಿ ಬಂದಿದೆ ನೋಡು!’ ಎಂದು ಭಾವ ಮೆಚ್ಚಿಕೊಂಡಿದ್ದು ಹಲಸಿನ ಮರಕ್ಕೆ ಗುದ್ದಿದ ಮೇಲೆ.

ಎರಡನೆಯದು ಸರಿಯಾದ ಅಳತೆಯದೇ. ಆದರೆ ಪೆಡಲಿನಿಂದ ಪಿಸ್ಟನ್ ತಳ್ಳುವ ಪುಶ್‌ರಾಡ್ ಉದ್ದವಾಗಿ ಪೆಡಲಿಗೆ ಪ್ಲೇ, ಅಂದರೆ ಚೂರು ಸಡಿಲ, ಇರಲಿಲ್ಲ. ಒತ್ತಿದಾಗ ಹೋದ ಆಯಿಲ್ಲಿಗೆ ವಾಪಸು ಬರಲು ದಾರಿಯಿಲ್ಲದೆ ಬ್ರೇಕ್ ಹಿಡಿದೇ ಇತ್ತು, ಡ್ರಮ್ಮು ಕಾದಷ್ಟೂ ಇನ್ನೂ ಬಿಗಿಯಾಯಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ಹೊರಟವರು ಅರ್ಧದಾರಿಯಲ್ಲಿ ಸುಟ್ಟ ವಾಸನೆ ಕುಡಿಯುತ್ತ ನಿಂತೆವು. ನಾಲ್ಕು ಜನ ತಳ್ಳಿದರೂ ಜೀಪು ಅಲುಗಲಿಲ್ಲ. ಭಾವನ ಮುಖದಲ್ಲಿ ಹೆಮ್ಮೆ: ‘ನೋಡಿದ್ಯಾ, ಈಗ ನಿಲ್ತದೆ!’

ನನಗೆ ಇದ್ಯಾವುದರ ಮೇಲೂ ಸಿಟ್ಟಿಲ್ಲ. ಸಿಟ್ಟಿರುವುದು ಏರ್ ತೆಗೆಯುವ ಕೆಲಸದ ಮೇಲೆ. ಪೈಪಿನಲ್ಲಿ ಗಾಳಿ ಉಳಿದರೆ ಪೆಡಲ್ ಸ್ಪಂಜಿನಂತಾಗುತ್ತದೆ. ಭಾವ ಕೆಳಗೆ ಮಲಗಿ ಚಕ್ರದ ಬಳಿಯ ನಿಪ್ಪಲ್ ಸಡಿಲಿಸಬೇಕು, ಮೇಲೆ ಕೂತ ಇನ್ನೊಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಭಾವ ನಿಪ್ಪಲ್ ಮುಚ್ಚುವ ತನಕ ಬಿಡಬಾರದು. ಬಿಟ್ಟರೆ ಗಾಳಿ ಮತ್ತೆ ಒಳಗೆ. ದೂರದ ಚಕ್ರದಿಂದ ಶುರುಮಾಡಿ ನಾಲ್ಕೂ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟ ತಣ್ಣಗಾಗಿರುತ್ತದೆ. ಆ ಇನ್ನೊಬ್ಬರು ಯಾರಾದರೂ ಆಗಬಹುದು. ಮೀಟರ್ ಓದಲು ಬಂದವರು ಒತ್ತಿದ್ದಾರೆ, ದನದ ಡಾಕ್ಟರು ಒತ್ತಿದ್ದಾರೆ, ಮದುವೆ ಕಾಗದ ಕೊಡಲು ಬಂದ ಗಂಡಹೆಂಡತಿ ಸರದಿಯಲ್ಲಿ ಒತ್ತಿದ್ದಾರೆ. ‘ಒತ್ತು... ಹಿಡ್ಕೋ... ಅಯ್ಯೋ, ಬಿಡಬೇಡ ಅಂದ್ನಲ್ಲ!’ ಅಕ್ಕ ಮಂಡಿನೋವು ಹೇಳಿ ಎಂದೋ ನಿವೃತ್ತಳಾಗಿದ್ದಾಳೆ. ಆ ನೋವು ಜೀಪಿನ ಬಳಿ ಮಾತ್ರ ಬರುತ್ತದೆ.

ಈಗ ಮೂರನೇ ಮಾಸ್ಟರ್ ಕೂತಿದೆ. ಚೆನ್ನಾಗಿ ಹಿಡಿಯುತ್ತದೆ, ಸುಳ್ಳು ಹೇಳಬಾರದು, ನಾನೇ ಓಡಿಸಿ ನೋಡಿದ್ದೇನೆ. ಆದರೆ ಮೊನ್ನೆ ಭಾವ ಫೋನ್ ಮಾಡಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕುವ ಯೋಚನೆಯಿದೆ ಎಂದರು. ಅಂದರೆ ಮತ್ತೆ ಏರ್ ತೆಗೆಯುವ ಕೆಲಸ. ಹಾಗಾಗಿ ಕಾಫಿ ಕೊಯ್ಲಿನ ಹೊತ್ತಿಗೆ ಆ ಕಡೆ ಹೋಗುವವರು ಗೇಟಿನಲ್ಲೇ ಮಾತಾಡಿಸಿ ಬಂದುಬಿಡಿ. ಒಳಗೆ ಹೋಗಲೇಬೇಕೆಂದಿದ್ದರೆ, ಬಲಗಾಲು ಉಳುಕಿದೆ ಎಂದು ಮೊದಲೇ ಹೇಳಿಬಿಡಿ. ಮಂಡಿನೋವು ಬೇಡ, ಅದನ್ನು ಅಕ್ಕ ಹೇಳಿಯಾಗಿದೆ.